ಸೇನೆ ಕೈಬಿಟ್ಟ ‘ಗ್ರಾಸ್’ ನಿಮ್ಮ ಲ್ಯಾಪ್‌ಟಾಪಿಗೆ ಬಂದ ಕಥೆ

ಕ್ಯೂಜಿಐಎಸ್ ಗೊತ್ತಲ್ವಾ? ನಕ್ಷೆ ಮೇಲೆ ರಸ್ತೆ, ಕೆರೆ, ಮಣ್ಣು ಎಲ್ಲವನ್ನೂ ಪದರ ಪದರವಾಗಿ ಜೋಡಿಸಿ ನೋಡೋ ಉಚಿತ ಸಾಫ್ಟ್‌ವೇರ್. ಕಲಿಯೋಕೆ ಹೊರಟವರು ಕೇಳೋ ಮೊದಲ ಪ್ರಶ್ನೆ: “ಇದಕ್ಕೆ ವಿಂಡೋಸ್ ಸಾಕಾ, ಲಿನಕ್ಸ್ ಬೇಕೇಬೇಕಾ?” ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗೋಣ.

1982. ಅಮೆರಿಕದ ಇಲಿನಾಯ್ ರಾಜ್ಯದ ಶಾಂಪೇನ್‌ನಲ್ಲಿದ್ದ ಸೇನೆಯ ಸಂಶೋಧನಾ ಪ್ರಯೋಗಾಲಯ. ಸೇನಾ ನೆಲೆಗಳ ಜಮೀನು, ಪರಿಸರ ನೋಡಿಕೊಳ್ಳೋ ಅಧಿಕಾರಿಗಳಿಗೆ ನಕ್ಷೆ ಸಾಫ್ಟ್‌ವೇರ್ ಬೇಕಿತ್ತು. ಹಾಗೆ ಹುಟ್ಟಿದ್ದು ‘ಗ್ರಾಸ್’.

ಅದನ್ನು ಕಟ್ಟಿದವರು ಯುನಿಕ್ಸ್ ಆರಿಸಿಕೊಂಡರು. ಯುನಿಕ್ಸ್ ಒಂದೇ ಕಂಪನಿಯ ಯಂತ್ರಕ್ಕೆ ಅಂಟಿಕೊಂಡಿರಲಿಲ್ಲ. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಒಯ್ಯಬಹುದಿತ್ತು. ಆದರೆ ಯುನಿಕ್ಸ್ ಓಡಿಸೋ ವರ್ಕ್‌ಸ್ಟೇಷನ್‌ಗಳು ದುಬಾರಿ. ಸಾಫ್ಟ್‌ವೇರ್ ಮುಕ್ತವಾಗಿ ಸಿಕ್ಕರೂ ಯಂತ್ರ ಕೈಗೆಟುಕುತ್ತಿರಲಿಲ್ಲ.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಹೊರತಂದರು. ಯುನಿಕ್ಸ್‌ನಂಥ ವ್ಯವಸ್ಥೆ ಮಾಮೂಲಿ ಪಿಸಿಗೆ ಬಂತು. ಅದೇ ದಶಕದ ಮಧ್ಯಭಾಗದಲ್ಲಿ ಸೇನೆಯ ಪ್ರಯೋಗಾಲಯ ಗ್ರಾಸ್ ಕೆಲಸ ನಿಲ್ಲಿಸಿತು. ಕಥೆ ಅಲ್ಲಿಗೇ ಮುಗೀಬೇಕಿತ್ತು. ಮುಗೀಲಿಲ್ಲ, ಯಾಕಂದ್ರೆ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿತ್ತು. ಮೊದಲು ಟೆಕ್ಸಾಸ್‌ನ ಬೇಲರ್ ವಿಶ್ವವಿದ್ಯಾಲಯ, ಆಮೇಲೆ ಜರ್ಮನಿಯ ಹ್ಯಾನೋವರ್‌ನಲ್ಲಿ ಮಾರ್ಕುಸ್ ನೆಟೆಲರ್ ಅದನ್ನು ಕೈಗೆತ್ತಿಕೊಂಡರು. 1999ರಲ್ಲಿ ಗ್ರಾಸ್‌ಗೆ ಜಿಪಿಎಲ್ ಲೈಸೆನ್ಸ್ ಬಂತು. ಅಂದರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ತಿದ್ದಿದ್ದನ್ನು ಹಂಚಿದರೆ ಅದರ ಕೋಡನ್ನೂ ಕೊಡಬೇಕು.

2002ರಲ್ಲಿ ಅಲಾಸ್ಕಾದ ಗ್ಯಾರಿ ಶರ್ಮನ್‌ಗೆ ತಮ್ಮ ಲಿನಕ್ಸ್ ಕಂಪ್ಯೂಟರ್‌ನಲ್ಲಿ ನಕ್ಷೆ ಮಾಹಿತಿಯನ್ನು ಬೇಗ ತೆರೆದು ನೋಡೋ ಸಾಧನ ಬೇಕಿತ್ತು. ತಾವೇ ಬರೆಯೋಕೆ ಕೂತರು. ಅದೇ ಇವತ್ತಿನ ಕ್ಯೂಜಿಐಎಸ್. ಕಿಟಕಿ, ಬಟನ್, ಮೆನುಗಳಿಗೆ ಅವರು ಬಳಸಿದ್ದು ಕ್ಯೂಟಿ ಅನ್ನೋ ಟೂಲ್‌ಕಿಟ್. ಅದು ಹಲವು ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಓಡುತ್ತೆ. ಹಾಗಾಗಿ ಲಿನಕ್ಸ್‌ನಲ್ಲಿ ಹುಟ್ಟಿದ ಕೂಸು ವಿಂಡೋಸ್, ಮ್ಯಾಕ್ ಎರಡರಲ್ಲೂ ಬೆಳೆಯಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ವಿಂಡೋಸ್ ಅಥವಾ ಮ್ಯಾಕ್ ಇದ್ಯಾ? ಅದರಲ್ಲೇ ಶುರು ಮಾಡಿ, ಕ್ಯೂಜಿಐಎಸ್ ಚೆನ್ನಾಗಿ ನಡೆಯುತ್ತೆ. ಲ್ಯಾಪ್‌ಟಾಪ್ ಹಳೇದಾಗಿದ್ದರೆ, ಅಥವಾ ಮುಂದೆ ಸರ್ವರ್ ಮೇಲೆ ನಕ್ಷೆ ಓಡಿಸೋ ಆಸೆ ಇದ್ದರೆ ಲಿನಕ್ಸ್ ಒಳ್ಳೇದು. ಇರೋ ಸಿಸ್ಟಮ್ ಅಳಿಸೋಕೆ ಭಯವಾ? ಓಎಸ್‌ಜಿಯೋ‌ಲೈವ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿ ನೋಡಬಹುದು.

ಆದರೆ ಒಂದು ಎಚ್ಚರ. ಒಂದೇ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಮಾತ್ರ ತೆರೆಯೋ ಫೈಲ್‌ನಲ್ಲಿ ನಿಮ್ಮ ಕೆಲಸ ಇಟ್ಟರೆ, ಆ ಕಂಪನಿ ಬಾಗಿಲು ಮುಚ್ಚಿದ ದಿನ ನಿಮ್ಮ ನಕ್ಷೆಗೂ ಬೀಗ. ಜಿಯೋಪ್ಯಾಕೇಜ್‌ನಂಥ ಮುಕ್ತ ಫಾರ್ಮ್ಯಾಟ್‌ನಲ್ಲಿ ಸೇವ್ ಮಾಡಿ. ಸಾಕಿದ ಸೇನೆಯೇ ಕೈಬಿಟ್ಟರೂ ಗ್ರಾಸ್ ಬದುಕಿದ್ದು ಯುನಿಕ್ಸ್‌ನಿಂದಲೋ ಲಿನಕ್ಸ್‌ನಿಂದಲೋ ಮಾತ್ರ ಅಲ್ಲ. ಎತ್ತಿಕೊಂಡು ಇನ್ನೊಂದು ಕಡೆ ಹೋಗೋಕೆ ಎಲ್ಲರಿಗೂ ಹಕ್ಕಿತ್ತು, ಅದಕ್ಕೆ.