ವಿದ್ಯುತ್ ಚಾಲಿತ ಕಾರುಗಳಿಗೆ ಬದಲಿ ಚಕ್ರ ಮತ್ತು ಟೈರುಗಳ ಆಯ್ಕೆ: ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ವಿದ್ಯುತ್ ಚಾಲಿತ ಕಾರುಗಳ ಬಳಕೆ ಹೆಚ್ಚುತ್ತಿರುವಂತೆ, ಮೊದಲ ಟೈರುಗಳು ಸವೆದ ನಂತರ ಬದಲಿ ಟೈರುಗಳನ್ನು ಅಥವಾ ಅಂದಕ್ಕಾಗಿ ಹೊಸ ಅಲಾಯ್ ಚಕ್ರಗಳನ್ನು ಹೊರಗಿನ ಅಂಗಡಿಗಳಲ್ಲಿ ಕೊಳ್ಳುವ ಮಾಲೀಕರ ಸಂಖ್ಯೆಯೂ ಹೆಚ್ಚುತ್ತಿದೆ. ಪೆಟ್ರೋಲ್ ಕಾರಿಗೆ ಸರಿಹೊಂದುವ ಟೈರು ಅದೇ ಅಳತೆಯ ವಿದ್ಯುತ್ ಕಾರಿಗೂ ಸರಿಹೊಂದುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದ್ದು, ಇದು ಎಲ್ಲ ಸಂದರ್ಭಗಳಲ್ಲಿಯೂ ನಿಜವಲ್ಲ. ತಪ್ಪು ಆಯ್ಕೆಯಿಂದ ಟೈರು ಸಿಡಿಯುವ ಅಪಾಯ, ಬ್ರೇಕಿನ ದೂರದಲ್ಲಿ ಏರಿಕೆ ಹಾಗೂ ಒಂದು ಚಾರ್ಜಿಗೆ ಕ್ರಮಿಸುವ ದೂರದಲ್ಲಿ ಇಳಿಕೆ ಉಂಟಾಗಬಹುದು. ಆದುದರಿಂದ ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

2. ವಿದ್ಯುತ್ ಕಾರಿನ ಟೈರಿನ ಮೇಲಿನ ವಿಶೇಷ ಹೊರೆ

(ಅ) ತೂಕ: ಬ್ಯಾಟರಿಯ ಕಾರಣದಿಂದ ವಿದ್ಯುತ್ ಕಾರು ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಗಣನೀಯವಾಗಿ ಭಾರವಾಗಿರುತ್ತದೆ. ಈ ಹೆಚ್ಚುವರಿ ಭಾರವನ್ನು ನಾಲ್ಕು ಟೈರುಗಳೇ ಹೊರಬೇಕು.

(ಆ) ತಿರುಚು ಬಲ: ವಿದ್ಯುತ್ ಮೋಟಾರು ನಿಂತ ಸ್ಥಿತಿಯಿಂದಲೇ ಪೂರ್ಣ ತಿರುಚು ಬಲವನ್ನು ನೀಡಬಲ್ಲದು. ಪದೇ ಪದೇ ರಭಸದಿಂದ ಹೊರಟಲ್ಲಿ ಮೋಟಾರಿಗೆ ಜೋಡಿಸಿದ ಚಕ್ರಗಳ ಟೈರು ಬೇಗ ಸವೆಯುತ್ತದೆ. ವೇಗ ತಗ್ಗಿಸುವಾಗ ವಿದ್ಯುತ್ ಮರುಉತ್ಪಾದಿಸುವ ವ್ಯವಸ್ಥೆಯ ಬಲವೂ ಇದೇ ಟೈರುಗಳ ಮೇಲೆ ಬೀಳುತ್ತದೆ.

(ಇ) ಉರುಳು ಪ್ರತಿರೋಧ: ಟೈರು ಉರುಳುವಾಗ ಬಾಗಿ ಹಿಗ್ಗುವುದರಿಂದ ಶಕ್ತಿಯು ಶಾಖವಾಗಿ ನಷ್ಟವಾಗುತ್ತದೆ. ಈ ನಷ್ಟ ಹೆಚ್ಚಿದಷ್ಟೂ ಚಾರ್ಜು ಬೇಗ ಮುಗಿಯುತ್ತದೆ.

(ಈ) ಶಬ್ದ: ಎಂಜಿನ್ನಿನ ಸದ್ದು ಇಲ್ಲದಿರುವುದರಿಂದ ಟೈರಿನ ಸದ್ದು ಒಳಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಕೆಲವು ಟೈರುಗಳ ಒಳಮೈಗೆ ಇದಕ್ಕಾಗಿ ಫೋಮ್ ಪದರವನ್ನು ಅಂಟಿಸಿರಲಾಗುತ್ತದೆ. ಇಂತಹ ಟೈರಿಗೆ ಪಂಕ್ಚರ್ ಹಾಕುವಾಗ ತೂತಿನ ಸುತ್ತಲಿನ ಫೋಮನ್ನು ತೆಗೆದು ಕೆಲಸ ಮಾಡಬೇಕಾಗುವುದರಿಂದ, ಅದನ್ನು ಮುಂಚಿತವಾಗಿ ತಿಳಿಸತಕ್ಕದ್ದು.

3. ಟೈರಿನ ಮೇಲಿನ ಬರಹವನ್ನು ಓದುವ ಕ್ರಮ

ಉದಾಹರಣೆಗೆ, ಟೈರಿನ ಪಕ್ಕದಲ್ಲಿ "215/60 ಆರ್ 16 95 ಎಚ್" ಎಂದು ಇದ್ದಲ್ಲಿ:

- 215: ಟೈರಿನ ಅಗಲ, ಮಿಲಿಮೀಟರುಗಳಲ್ಲಿ.
- 60: ಪಕ್ಕಗೋಡೆಯ ಎತ್ತರ, ಅಗಲದ ಶೇಕಡಾವಾರು. ಇಲ್ಲಿ 129 ಮಿ.ಮೀ.
- ಆರ್ 16: ರೇಡಿಯಲ್ ಟೈರು, 16 ಅಂಗುಲದ ಚಕ್ರಕ್ಕೆ.
- 95: ಭಾರ ಸೂಚ್ಯಂಕ. ಒಂದು ಟೈರು ಹೊರಬಹುದಾದ ಗರಿಷ್ಠ ಭಾರ 690 ಕಿ.ಗ್ರಾಂ.
- ಎಚ್: ವೇಗದ ಸಂಕೇತ. ಗರಿಷ್ಠ ಗಂಟೆಗೆ 210 ಕಿ.ಮೀ.

ಇವುಗಳಲ್ಲಿ ಭಾರ ಸೂಚ್ಯಂಕವೇ ಹೆಚ್ಚಾಗಿ ನಿರ್ಲಕ್ಷ್ಯಕ್ಕೆ ಒಳಗಾಗುವ ಅಂಶ. ಸೂಚ್ಯಂಕ 91 ಆದಲ್ಲಿ ಒಂದು ಟೈರಿನ ಸಾಮರ್ಥ್ಯ 615 ಕಿ.ಗ್ರಾಂ. ಮಾತ್ರ. ಅಂದರೆ ಅಳತೆ ಒಂದೇ ಆಗಿದ್ದರೂ ನಾಲ್ಕು ಟೈರುಗಳಲ್ಲಿ ಒಟ್ಟು 300 ಕಿ.ಗ್ರಾಂ. ಸಾಮರ್ಥ್ಯ ಕಡಿಮೆಯಾಗುತ್ತದೆ. ಇದು ನಾಲ್ವರು ವಯಸ್ಕರ ತೂಕಕ್ಕೆ ಸಮ. ಆದುದರಿಂದ ಬದಲಿ ಟೈರಿನ ಭಾರ ಸೂಚ್ಯಂಕ ಮತ್ತು ವೇಗದ ಸಂಕೇತಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಕಡಿಮೆ ಇರಕೂಡದು. ಮೂಲ ಟೈರಿನ ಮೇಲೆ "ಎಕ್ಸ್‌ಎಲ್" (ಹೆಚ್ಚುವರಿ ಭಾರದ ಟೈರು) ಅಥವಾ "ಎಚ್‌ಎಲ್" (ಅದಕ್ಕಿಂತಲೂ ಹೆಚ್ಚಿನ ಭಾರದ ಟೈರು) ಎಂಬ ಗುರುತು ಇದ್ದಲ್ಲಿ ಬದಲಿ ಟೈರಿನ ಮೇಲೂ ಅದೇ ಗುರುತು ಇರಬೇಕು.

ತಯಾರಿಕೆಯ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಮುದ್ರಿಸಿರಲಾಗುತ್ತದೆ. "2324" ಎಂದರೆ 2024ನೇ ವರ್ಷದ 23ನೇ ವಾರ. ಬಹುಕಾಲ ದಾಸ್ತಾನಿನಲ್ಲಿದ್ದ ಟೈರನ್ನು ರಿಯಾಯಿತಿಯ ಆಸೆಗೆ ಕೊಳ್ಳದಿರುವುದು ಒಳಿತು.

4. ಅಳತೆಯ ಬದಲಾವಣೆಯ ಪರಿಣಾಮ

ಚಕ್ರದ ಗಾತ್ರ ಬದಲಾದರೂ ಟೈರಿನ ಒಟ್ಟು ಹೊರವ್ಯಾಸ ಮೂಲ ಟೈರಿನ ವ್ಯಾಸಕ್ಕೆ ಅತಿ ಸಮೀಪವಿರಬೇಕು.

- 215/60 ಆರ್ 16: ಹೊರವ್ಯಾಸ 664.4 ಮಿ.ಮೀ. (ಮೂಲ)
- 215/55 ಆರ್ 17: 668.3 ಮಿ.ಮೀ. (ಶೇ. 0.6 ಹೆಚ್ಚು)
- 225/60 ಆರ್ 16: 676.4 ಮಿ.ಮೀ. (ಶೇ. 1.8 ಹೆಚ್ಚು)

ವ್ಯಾಸ ಹೆಚ್ಚಿದಲ್ಲಿ ವೇಗಮಾಪಕವು ಮೊದಲಿಗಿಂತ ಕಡಿಮೆ ವೇಗವನ್ನು ತೋರಿಸುತ್ತದೆ. ಕ್ರಮಿಸಿದ ದೂರ ಮತ್ತು ಉಳಿದ ಚಾರ್ಜಿನ ಲೆಕ್ಕವೂ ವ್ಯತ್ಯಾಸವಾಗುತ್ತದೆ.

17 ಅಂಗುಲದ ಉದಾಹರಣೆಯಲ್ಲಿ ವ್ಯಾಸದ ವ್ಯತ್ಯಾಸ ಅಲ್ಪವಾದರೂ ಪಕ್ಕಗೋಡೆಯ ಎತ್ತರ 129 ಮಿ.ಮೀ.ನಿಂದ ಸುಮಾರು 118 ಮಿ.ಮೀ.ಗೆ ಇಳಿಯುತ್ತದೆ. ಗುಂಡಿ ಮತ್ತು ರಸ್ತೆ ಉಬ್ಬುಗಳ ಪೆಟ್ಟನ್ನು ತಾಳುವ ರಬ್ಬರು ಅಷ್ಟರಮಟ್ಟಿಗೆ ಕಡಿಮೆಯಾಗಿ, ಭಾರವಾದ ವಾಹನದಲ್ಲಿ ಟೈರು ಸೀಳುವ ಮತ್ತು ಚಕ್ರದ ಅಂಚು ಬಾಗುವ ಸಂಭವ ಹೆಚ್ಚುತ್ತದೆ.

ದೊಡ್ಡ ಚಕ್ರ ದೂರವನ್ನೂ ಕಡಿಮೆ ಮಾಡಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ಟೆಸ್ಲಾ ಮಾಡೆಲ್ ಎಸ್ ಪ್ಲೇಡ್ ಕಾರಿನ 2022ರ ಮಾದರಿಗೆ 19 ಅಂಗುಲದ ಚಕ್ರಗಳೊಂದಿಗೆ 396 ಮೈಲಿ (ಸುಮಾರು 637 ಕಿ.ಮೀ.), 21 ಅಂಗುಲದ ಚಕ್ರಗಳೊಂದಿಗೆ 348 ಮೈಲಿ (ಸುಮಾರು 560 ಕಿ.ಮೀ.) ಎಂದು ನಮೂದಾಗಿದೆ. ಇದು ಸುಮಾರು ಶೇ. 12ರಷ್ಟು ಇಳಿಕೆ.

5. ಚಕ್ರವನ್ನು ಕೊಳ್ಳುವಾಗ ಪರಿಶೀಲಿಸಬೇಕಾದ ಅಂಶಗಳು

(ಅ) ಬೋಲ್ಟುಗಳ ಸಂಖ್ಯೆ ಮತ್ತು ಅವುಗಳ ವೃತ್ತದ ವ್ಯಾಸ ಮೂಲ ಚಕ್ರದಂತೆಯೇ ಇರಬೇಕು.
(ಆ) ನಡುವಿನ ರಂಧ್ರವು ಹಬ್ಬಿಗೆ ಬಿಗಿಯಾಗಿ ಹೊಂದಬೇಕು. ಸಡಿಲವಿದ್ದಲ್ಲಿ ಚಕ್ರ ಅದುರುತ್ತದೆ.
(ಇ) ಆಫ್‌ಸೆಟ್ ಬದಲಾದಲ್ಲಿ ಟೈರು ಮಡ್‌ಗಾರ್ಡಿಗೆ ಅಥವಾ ಸಸ್ಪೆನ್ಷನ್ನಿಗೆ ಉಜ್ಜಬಹುದು. ಬೇರಿಂಗಿನ ಮೇಲಿನ ಒತ್ತಡವೂ ಹೆಚ್ಚುತ್ತದೆ.
(ಈ) ಚಕ್ರದ ಭಾರ ಸಾಮರ್ಥ್ಯವು ಆಕ್ಸಲ್ ಮೇಲಿನ ಗರಿಷ್ಠ ಭಾರದ ಅರ್ಧಕ್ಕಿಂತ ಕಡಿಮೆ ಇರಕೂಡದು. ಸಾಮರ್ಥ್ಯವನ್ನು ಎಲ್ಲಿಯೂ ನಮೂದಿಸದ ಅಗ್ಗದ ಚಕ್ರಗಳನ್ನು ತ್ಯಜಿಸುವುದು.
(ಉ) ಮೂಲ ಚಕ್ರದ ಮೇಲಿನ ಮುಚ್ಚಳಗಳು ಗಾಳಿಯ ತಡೆಯನ್ನು ತಗ್ಗಿಸಲು ಇರುತ್ತವೆ. ತೆರೆದ ವಿನ್ಯಾಸದ ಚಕ್ರದಲ್ಲಿ ಈ ಲಾಭ ದೊರೆಯುವುದಿಲ್ಲ.

6. ಕಾನೂನಿನ ಅವಕಾಶಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಕಲಂ 182ಎ ಅನ್ವಯ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕರಿಗೆ ರೂ. 5,000 ದಂಡ ಅಥವಾ ಆರು ತಿಂಗಳವರೆಗೆ ಕಾರಾವಾಸ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ಆದುದರಿಂದ ಅದೇ ಮಾದರಿಗೆ ತಯಾರಕರು ಸೂಚಿಸಿರುವ ಅಳತೆಗಳಲ್ಲಿಯೇ ಆಯ್ಕೆ ಮಾಡುವುದು ಸುರಕ್ಷಿತ ಮಾರ್ಗ. ಬದಲಾವಣೆಯನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು ಅಪೇಕ್ಷಣೀಯ.

ಕಾರಿನ ಟೈರುಗಳ ಮೇಲೆ ಐಎಸ್‌ಐ ಗುರುತು ಇರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಉರುಳು ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ ಮತ್ತು ಶಬ್ದಗಳಿಗೆ ಕೇಂದ್ರ ಸರ್ಕಾರವು 2022ರಲ್ಲಿ ಮಿತಿಗಳನ್ನು ಅಧಿಸೂಚಿಸಿದೆ. ಉರುಳು ಪ್ರತಿರೋಧ ಕಡಿಮೆ ಇದೆಯೆಂಬ ಒಂದೇ ಕಾರಣಕ್ಕೆ ಟೈರನ್ನು ಆರಿಸದೆ, ಮಳೆಗಾಲದ ದೃಷ್ಟಿಯಿಂದ ಒದ್ದೆ ಹಿಡಿತವನ್ನೂ ವಿಚಾರಿಸುವುದು ಅವಶ್ಯ.

7. ಅಳವಡಿಸುವಾಗ ವಹಿಸಬೇಕಾದ ಎಚ್ಚರಿಕೆ

(ಅ) ಬ್ಯಾಟರಿಯು ಕಾರಿನ ತಳದಲ್ಲಿರುತ್ತದೆ. ತಯಾರಕರು ಗುರುತಿಸಿದ ಸ್ಥಳಗಳಲ್ಲಿ ಮಾತ್ರ ಜಾಕ್ ಇಡತಕ್ಕದ್ದು. ಬ್ಯಾಟರಿ ಪೆಟ್ಟಿಗೆಗೆ ಜಾಕ್ ತಗುಲಿದಲ್ಲಿ ಹಾನಿಯಾಗಿ ಅಪಾಯ ಸಂಭವಿಸಬಹುದು.
(ಆ) ನಟ್ಟುಗಳನ್ನು ಕೈಪಿಡಿಯಲ್ಲಿ ಸೂಚಿಸಿದ ಬಿಗಿಗೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯುವುದು.
(ಇ) ಗಾಳಿಯ ಒತ್ತಡ ಅಳೆಯುವ ಸಂವೇದಕಗಳಿದ್ದಲ್ಲಿ ಅವನ್ನು ಹೊಸ ಚಕ್ರಕ್ಕೆ ವರ್ಗಾಯಿಸುವುದು. ಬಿಡಿಚಕ್ರವಿಲ್ಲದ ಕಾರುಗಳಲ್ಲಿ ಇದು ಅತ್ಯವಶ್ಯ.
(ಈ) ಒಂದೇ ಆಕ್ಸಲ್ಲಿನ ಎರಡೂ ಟೈರುಗಳು ಒಂದೇ ಬಗೆಯವಾಗಿರಬೇಕು. ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಮಾಡಿಸುವುದು.

8. ಆಗಾಗ್ಗೆ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಿದ್ಯುತ್ ಕಾರಿಗೆಂದೇ ಮಾರುವ ಟೈರನ್ನೇ ಕೊಳ್ಳುವುದು ಕಡ್ಡಾಯವೇ?
ಉತ್ತರ: ಕಡ್ಡಾಯವಲ್ಲ. ಅಳತೆ, ಭಾರ ಸೂಚ್ಯಂಕ ಹಾಗೂ ವೇಗದ ಸಂಕೇತಗಳು ನಿಗದಿಯಂತಿದ್ದಲ್ಲಿ ಇತರ ಟೈರನ್ನೂ ಬಳಸಬಹುದು. ಆದರೆ ದೂರ ಮತ್ತು ಶಬ್ದದಲ್ಲಿ ವ್ಯತ್ಯಾಸ ಕಾಣಬಹುದು.

ಪ್ರಶ್ನೆ: ಗಾಳಿಯ ಒತ್ತಡ ಎಷ್ಟಿರಬೇಕು?
ಉತ್ತರ: ಕಾರಿನ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಇರುವಷ್ಟು. ಟೈರು ತಣ್ಣಗಿರುವಾಗ ಅಳೆಯತಕ್ಕದ್ದು. ಪೆಟ್ರೋಲ್ ಮಾದರಿಯ ಒತ್ತಡವನ್ನು ವಿದ್ಯುತ್ ಮಾದರಿಗೆ ಅನ್ವಯಿಸಕೂಡದು.

ಪ್ರಶ್ನೆ: ಟೈರನ್ನು ಯಾವಾಗ ಬದಲಿಸಬೇಕು?
ಉತ್ತರ: ಕಾರುಗಳಲ್ಲಿ ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ಗೀರುಗಳ ತಳದಲ್ಲಿರುವ ಸವೆತ ಸೂಚಕ ಉಬ್ಬು ಮೇಲ್ಮೈಗೆ ಸಮನಾದಲ್ಲಿ ಟೈರನ್ನು ತಕ್ಷಣ ಬದಲಿಸುವುದು. ಉಬ್ಬು, ಸೀಳು ಅಥವಾ ತಂತಿ ಕಾಣಿಸಿಕೊಂಡಲ್ಲಿ ಆಳವೆಷ್ಟಿದ್ದರೂ ಆ ಟೈರನ್ನು ಬಳಸಕೂಡದು.