ಮುಧೋಳ ನಾಯಿಯ ಅಪ್ಪ ಯಾರು? ಮರಿ ತರುವ ಮುನ್ನ ಗಡಿ ಭಾಗದವರು ತಿಳಿದಿರಬೇಕಾದ ವಂಶಾವಳಿ ಲೆಕ್ಕ

ಚಿಕ್ಕೋಡಿ: ನಮ್ಮ ಕಡೆ ಹಳ್ಳಿಗಳಿಗೆ ಹೆಳವರು ಎತ್ತಿನ ಮೇಲೆ ಬರ್ತಾರೆ. ಕಟ್ಟೆ ಮೇಲೆ ಕೂತು ಹೊತ್ತಿಗೆ ಬಿಚ್ಚಿ, ನಿಮ್ಮ ಮುತ್ತಜ್ಜನ ಅಪ್ಪ ಯಾರು, ಯಾವ ಊರು ಬಿಟ್ಟು ಇಲ್ಲಿಗೆ ಬಂದ, ಅವನಿಗೆ ಎಷ್ಟು ಮಕ್ಕಳು ಅಂತ ಓದಿ ಹೇಳ್ತಾರೆ. ಅದೇ ಮನೆ ಬಾಗಿಲಲ್ಲಿ ಕಟ್ಟಿರೋ ಮುಧೋಳ ನಾಯಿಯ ಅಪ್ಪ ಯಾರು ಅಂತ ಕೇಳಿ ನೋಡಿ. ಬಹಳಷ್ಟು ಮನೆಗಳಲ್ಲಿ "ಜಮಖಂಡಿ ಕಡೆಯಿಂದ ತಂದದ್ದು" ಅನ್ನೋದರ ಮುಂದೆ ಉತ್ತರ ಹೋಗಲ್ಲ.

ಆ ಅಪ್ಪನ ಹೆಸರು ಗೊತ್ತಿಲ್ಲದಿದ್ದರೆ ಏನಾಗುತ್ತೆ ಅನ್ನೋದೇ ಈ ಲೇಖನ.

ಮೊದಲು ನಾಯಿಯ ಪರಿಚಯ. ಉದ್ದ ಮೂತಿ, ಒಳಕ್ಕೆ ಸೇದಿದ ಹೊಟ್ಟೆ, ಉದ್ದ ಕಾಲು, ಮೂಗಿಗಿಂತ ಹೆಚ್ಚಾಗಿ ಕಣ್ಣು ನಂಬಿ ಓಡುವ ಬೇಟೆನಾಯಿ. ಬೇಡರ ಕೈಯಲ್ಲಿದ್ದ ಈ ನಾಯಿಗಳನ್ನು ಮುಧೋಳ ಸಂಸ್ಥಾನದ ಮಾಲೋಜಿರಾವ ಘೋರ್ಪಡೆ ಆರಿಸಿ ಬೆಳೆಸಿದರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರು ಎಂದು ಹೇಳಲಾಗುತ್ತದೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಅಲ್ಲಿಂದ 2016ರಲ್ಲಿ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು, 2021ರಲ್ಲಿ ವಾಯುಪಡೆಗೂ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಇದರ ಹೆಸರು ಹೇಳಿದರು. ಆಮೇಲೆ ಮರಿಗಳಿಗೆ ಬೇಡಿಕೆ ಏರಿತು. ತೊಂದರೆ ಇರೋದೂ ಆ ಬೇಡಿಕೆಯಲ್ಲೇ.

ನಮ್ಮ ಐದು ತಾಲ್ಲೂಕುಗಳ ಜಾಗ ನೋಡಿ. ಅಥಣಿಯಿಂದ ಜಮಖಂಡಿ ದಾಟಿದರೆ ಮುಧೋಳ. ಕಾಗವಾಡದಿಂದ ಮಿರಜ ಕೂಗಳತೆ, ನಿಪ್ಪಾಣಿಯಿಂದ ಕೊಲ್ಲಾಪುರ ಹತ್ತಿರ. ಆ ಕಡೆ ಇದೇ ನಾಯಿಗೆ ಕರವಾನಿ ಅಂತಾರೆ, ಕಿವಿ-ಬಾಲದ ಮೇಲೆ ರೇಷ್ಮೆಯಂಥ ಕೂದಲಿದ್ದರೆ ಪಶ್ಮಿ. ಕುರಿ ಹಿಂಡಿನ ಜೊತೆ ನಡೆಯೋ ನಾಯಿಗೆ ರಾಜ್ಯದ ಗಡಿ ಗೊತ್ತಿಲ್ಲ. ಕಾಗದದಲ್ಲಿ ಮಾತ್ರ ಗಡಿ ಐತಿ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು 'ಕಾರವಾನ್ ಹೌಂಡ್' ಎಂದು ಬರೆದುಕೊಳ್ಳುತ್ತದೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ 'ಮುಧೋಳ ಹೌಂಡ್' ಎನ್ನುತ್ತದೆ. ಅಂದರೆ ಒಂದೇ ಬಳಗ, ಎರಡು ಹೊತ್ತಿಗೆ. ಅಣ್ಣ ಒಂದರಲ್ಲಿ, ತಂಗಿ ಇನ್ನೊಂದರಲ್ಲಿ ದಾಖಲಾದರೆ ಇಬ್ಬರೂ ಒಂದೇ ಸೂಲಿನವರು ಅಂತ ಯಾವ ಕಾಗದವೂ ಹೇಳಲ್ಲ.

ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಮುಧೋಳ ನಾಯಿಯನ್ನು ದೇಶಿ ತಳಿ ಎಂದು ನೋಂದಾಯಿಸಿದೆ. ಇದನ್ನೇ ತೋರಿಸಿ "ಸರ್ಕಾರಿ ನೋಂದಣಿ ಇರೋ ಮರಿ" ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ಅಲ್ಲಿ ನಂಬರ್ ಸಿಕ್ಕಿರೋದು ತಳಿಗೆ, ನಿಮ್ಮ ಮನೆ ನಾಯಿಗಲ್ಲ.

ಇನ್ನು ಲೆಕ್ಕ. ನಾನು ಡಿಗ್ರಿ ಅರ್ಧಕ್ಕೇ ಬಿಟ್ಟವನು, ಆದರೆ ಇದಕ್ಕೆ ಡಿಗ್ರಿ ಬೇಕಿಲ್ಲ. ಪ್ರತಿ ಮರಿಗೆ ಪ್ರತಿಯೊಂದು ಗುಣದ ಎರಡು ಚೀಟಿ ಸಿಗುತ್ತವೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಒಂದು ಚೀಟಿ ಕೆಟ್ಟಿದ್ದರೂ ಇನ್ನೊಂದು ಸರಿ ಇದ್ದರೆ ಸಾಮಾನ್ಯವಾಗಿ ನಡೆಯುತ್ತೆ. ಅಪ್ಪ-ಅಮ್ಮ ಹತ್ತಿರದ ಸಂಬಂಧಿಗಳಾದರೆ ಎರಡೂ ಕಡೆಯಿಂದ ಒಂದೇ ಕೆಟ್ಟ ಚೀಟಿ ಬರುವ ಸಾಧ್ಯತೆ ಜಾಸ್ತಿ. ಎಷ್ಟು ಜಾಸ್ತಿ? ಸೋದರಮಾವನ ಮಗಳನ್ನು ಮಾಡಿಕೊಳ್ಳೋದು ನಮಗೆ ಹೊಸದಲ್ಲ, ಅಲ್ಲಿ ಹುಟ್ಟುವ ಮಗುವಿಗೆ ಈ ಅಳತೆ ಶೇ. 6.25. ಅಕ್ಕನ ಮಗಳನ್ನೇ ಮದುವೆಯಾದರೆ ಶೇ. 12.5. ನಾಯಿಯಲ್ಲಿ ಅಪ್ಪ-ಮಗಳನ್ನೋ, ಒಂದೇ ಸೂಲಿನ ಅಣ್ಣ-ತಂಗಿಯನ್ನೋ ಕೂಡಿಸಿದರೆ ಶೇ. 25. ಆ ಮರಿಗಳಲ್ಲೇ ಮತ್ತೆ ಅಣ್ಣ-ತಂಗಿ ಕೂಡಿದರೆ ಶೇ. 37.5. ಮನುಷ್ಯರಲ್ಲಿ ನಾವು ಎಂದೂ ಒಪ್ಪದ್ದನ್ನು ನಾಯಿಯಲ್ಲಿ "ರಕ್ತ ಶುದ್ಧ ಇರಲಿ" ಅಂತ ಮಾಡ್ತೀವಿ, ಇಲ್ಲಾ ಗೊತ್ತಿಲ್ಲದೇ ಮಾಡ್ತೀವಿ. ಒಂದೇ ಕಡೆಯಿಂದ ಎರಡು ಮರಿ, "ಜೋಡಿ" ಅಂತ ತರೋದು ಇದಕ್ಕೆ ನೇರ ದಾರಿ.

ಪರಿಣಾಮ ಮೊದಲು ಮೈಮೇಲೆ ಕಾಣಲ್ಲ. ನಾಯಿ ಚೆಂದವಾಗೇ ಇರುತ್ತೆ, ಚೆನ್ನಾಗೇ ಓಡುತ್ತೆ. ಸೂಲಿನಲ್ಲಿ ಮರಿ ಕಡಿಮೆ ಆಗೋದು, ಹುಟ್ಟಿದ ವಾರದಲ್ಲಿ ಸಾಯೋದು, ಹೆಣ್ಣು ಬೆದೆಗೆ ಬಂದರೂ ಗಬ್ಬ ನಿಲ್ಲದಿರೋದು ಹೀಗೆ ಶುರುವಾಗುತ್ತೆ. ಮಾಲೀಕ ದೃಷ್ಟಿ ಆಗೇತಿ ಅಂತ ನಿಂಬೆಹಣ್ಣು ಇಳಿಸ್ತಾನೆ.

ಇದಕ್ಕಿಂತ ದೊಡ್ಡ ಪೆಟ್ಟು 'ಹೆಸರು ಮಾಡಿದ ಗಂಡು'. ಒಂದು ನಾಯಿ ರೇಸ್ ಗೆದ್ದರೆ ಸುತ್ತಲಿನ ಊರಿನವರೆಲ್ಲ ತಮ್ಮ ಹೆಣ್ಣು ನಾಯಿಯನ್ನು ಅದರ ಹತ್ತಿರವೇ ಒಯ್ತಾರೆ. ಒಂದು ಭಾಗದಲ್ಲಿ 30 ಹೆಣ್ಣು, 3 ಗಂಡು ಮಾತ್ರ ಮರಿ ಹಾಕಿಸುತ್ತಿವೆ ಅಂದ್ಕೊಳ್ಳಿ. ಎಣಿಸಿದರೆ 33 ನಾಯಿ. ತಳಿಶಾಸ್ತ್ರದ ಲೆಕ್ಕದಲ್ಲಿ ಆ ಗುಂಪಿನ ನಿಜವಾದ ಬಲ 11 ನಾಯಿಗಳಷ್ಟೇ. ಗಂಡು ಮತ್ತು ಹೆಣ್ಣಿನ ಸಂಖ್ಯೆ ಗುಣಿಸಿ, ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿ, ನೀವೇ ನೋಡಿ. ಅದೇ 30 ಹೆಣ್ಣಿಗೆ 10 ಗಂಡು ಬಳಸಿದರೆ ಬಲ 30ಕ್ಕೆ ಏರುತ್ತೆ. ಹೆಚ್ಚಾದದ್ದು ಏಳೇ ನಾಯಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕನಿಷ್ಠ 50 ಇರಲಿ ಎನ್ನುತ್ತದೆ.

ಹಾಗಾದರೆ ಕಾಗದ ಇರುವ ನಾಯಿ ಮಾತ್ರ ತಗೊಂಡರೆ ಸಾಕಾ? ಇಲ್ಲಿ ನನ್ನ ತಕರಾರು ಇದೆ. ಹೊತ್ತಿಗೆಯ ಬಾಗಿಲು ಪೂರ್ತಿ ಮುಚ್ಚಿದರೆ ಒಳಗಿದ್ದವರಲ್ಲೇ ಮದುವೆ ಸುತ್ತುತ್ತದೆ. ಆಫ್ರಿಕಾ ಮೂಲದ ಬಸೆಂಜಿ ನಾಯಿ ಅಮೆರಿಕದಲ್ಲಿ ಕೆಲವೇ ನಾಯಿಗಳಿಂದ ಬೆಳೆದು, ಮೂತ್ರಪಿಂಡದ ಮತ್ತು ರಕ್ತದ ರೋಗಗಳಿಗೆ ಸಿಕ್ಕಿತು. ಕೊನೆಗೆ 1990ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಮುಚ್ಚಿದ ಹೊತ್ತಿಗೆ ಬಿಚ್ಚಿ, ಆಫ್ರಿಕಾದ ಹಳ್ಳಿಗಳಿಂದ ತಂದ ನಾಯಿಗಳನ್ನು ಸೇರಿಸಿಕೊಂಡಿತು. ಅವಕ್ಕೆ ಯಾವ ಕಾಗದವೂ ಇರಲಿಲ್ಲ. ನಮ್ಮದೇ ಕೃಷ್ಣಾ ತೀರದ ದನದ ತಳಿಯೂ ಗೀರ್, ಓಂಗೋಲ್ ಮುಂತಾದ ರಕ್ತವನ್ನು ಊರ ದನಕ್ಕೆ ಬೆರೆಸಿ ಎರೆಮಣ್ಣಿಗಾಗಿ ಮಾಡಿಕೊಂಡದ್ದೇ.

ಅದಕ್ಕೇ ರಾಯಬಾಗ, ಅಥಣಿ ಕಡೆಯ ಕುರಿಗಾರರ ಹತ್ತಿರ ಇರುವ, ಯಾವ ಕ್ಲಬ್ಬಿನ ಹೆಸರೂ ಕೇಳದ ನಾಯಿಗಳು ಮುಖ್ಯ. ಪೇಟೆಯ ಹೆಸರುವಾಸಿ ಗಂಡುಗಳ ಸಂಬಂಧ ಇಲ್ಲದ ರಕ್ತ ಸಿಗುವ ಸಾಧ್ಯತೆ ಅಲ್ಲೇ ಹೆಚ್ಚು. ಅವನ್ನು "ಕಂತ್ರಿ" ಅಂತ ತಳ್ಳಿಬಿಟ್ಟರೆ ಮತ್ತೆ ತರಲು ಎಲ್ಲಿಯೂ ಇಲ್ಲ. ಹಾಗಂತ ಓಟದ ಆಸೆಗೆ ಗ್ರೇಹೌಂಡ್ ಕ್ರಾಸ್ ಮಾಡಿಸಿ ಮುಧೋಳ ಅಂತ ಮಾರೋದು ಬೇರೆ ಮಾತು. ಅದು ವೈವಿಧ್ಯ ಅಲ್ಲ, ಮೋಸ.

ಕೊಳ್ಳುವಾಗ ಮರಿಯ ತಾಯಿಯನ್ನು ಕಣ್ಣಾರೆ ನೋಡಿ, ಗಂಡು ಯಾವ ಊರಿನದು ಅಂತ ಕೇಳಿ. 2017ರ ಕೇಂದ್ರದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ಮರಿ ಮಾರುವವರು ನೋಂದಣಿ ಮಾಡಿಸಿರಬೇಕು. ಮೈಕ್ರೋಚಿಪ್ ಇದ್ದರೆ 15 ಅಂಕಿಯ ನಂಬರ್ ಕಾಗದದಲ್ಲಿರುವುದಕ್ಕೆ ತಾಳೆಯಾಗಬೇಕು. ಚಿಪ್ ನಾಯಿಯ ಗುರುತು ಹೇಳುತ್ತೆ, ಅಪ್ಪನನ್ನಲ್ಲ. ಅಪ್ಪನ ಬಗ್ಗೆ ಅನುಮಾನ ಬಂದರೆ ಡಿಎನ್‌ಎ ಪರೀಕ್ಷೆಯೇ ಗತಿ, ಅದಕ್ಕೂ ಹೋಲಿಸಲು ಅಪ್ಪನ ಮಾದರಿ ಬೇಕು.

ಕಾಗದ ಏನೂ ಇಲ್ಲದವರು ಇವತ್ತೇ ನೂರು ಪುಟದ ನೋಟ್‌ಬುಕ್ ತನ್ನಿ. ನಾಯಿ ಹೆಸರು, ಬಣ್ಣ, ತಂದ ಊರು, ತಾರೀಖು, ತಾಯಿ, ತಂದೆ, ಗೊತ್ತಿದ್ದರೆ ಎರಡೂ ಕಡೆ ಅಜ್ಜ-ಅಜ್ಜಿ. ಕೂಡಿಸಿದ ದಿನ ಬರೆದಿಡಿ, ಸುಮಾರು 63 ದಿನಕ್ಕೆ ಈಯುತ್ತದೆ, ತಾರೀಖು ಹೊಂದದಿದ್ದರೆ ಅಪ್ಪ ಬೇರೆ ಇರಬಹುದು. ಪ್ರತಿ ಮರಿ ಯಾವ ಊರಿಗೆ ಹೋಯ್ತು ಅನ್ನೋದೂ ಇರಲಿ, ಎರಡು ವರ್ಷದ ಮೇಲೆ ಅದೇ ಮರಿ ಗಂಡು ನಾಯಿಯಾಗಿ ನಿಮ್ಮ ಬಾಗಿಲಿಗೇ ಬರಬಹುದು. ಸತ್ತ ಮರಿಗಳನ್ನೂ ಬರೀರಿ. ಜನ ಅದನ್ನೇ ಬಿಡ್ತಾರೆ, ಆದರೆ ಯಾವ ಜೋಡಿಯನ್ನು ಮತ್ತೆ ಕೂಡಿಸಬಾರದು ಅಂತ ತಿಳಿಯೋದು ಆ ಸಾಲಿನಿಂದಲೇ.