ಗೃಹ ಹಾಗೂ ಸಣ್ಣ ಕಾರ್ಯಾಗಾರಗಳಿಗೆ ಏರ್ ಕಂಪ್ರೆಸರ್ ಆಯ್ಕೆ: ಅರ್ಜಿದಾರರಿಗೆ ಮಾಹಿತಿ

ವಾಹನ ದುರಸ್ತಿ, ಪಂಕ್ಚರ್ ಅಂಗಡಿ, ಮರಗೆಲಸ, ಬಣ್ಣ ಸಿಂಪಡಣೆ ಮುಂತಾದ ಘಟಕಗಳ ಸ್ಥಾಪನೆಗೆ ಸಾಲ ಅಥವಾ ಸಹಾಯಧನ ಕೋರಿ ಸಲ್ಲಿಸುವ ಯಂತ್ರೋಪಕರಣಗಳ ಪಟ್ಟಿಯಲ್ಲಿ ಏರ್ ಕಂಪ್ರೆಸರ್ ಸಾಮಾನ್ಯವಾಗಿ ಇರುತ್ತದೆ. ಟ್ಯಾಂಕಿನ ಗಾತ್ರ ಅಥವಾ ಮೋಟಾರಿನ ಎಚ್.ಪಿ. ಮಾತ್ರ ನೋಡಿ ಖರೀದಿಸಿದಲ್ಲಿ, ಕೆಲಸಕ್ಕೆ ಸಾಕಾಗದ ಯಂತ್ರದ ಕಂತನ್ನು ವರ್ಷಗಟ್ಟಲೆ ಕಟ್ಟಬೇಕಾದ ಪರಿಸ್ಥಿತಿ ಉಂಟಾಗುತ್ತದೆ. ಆದುದರಿಂದ ದರಪಟ್ಟಿ ಪಡೆಯುವ ಮೊದಲು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

1. ಮುಖ್ಯವಾಗಿ ನೋಡಬೇಕಾದ ಅಂಶ

ಯಂತ್ರವು ಕೆಲಸದ ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಗಾಳಿಯನ್ನು ವಾಸ್ತವವಾಗಿ ನೀಡುತ್ತದೆ ಎಂಬುದೇ ಆಯ್ಕೆಗೆ ಆಧಾರ. ಇದನ್ನು ಫ್ರೀ ಏರ್ ಡೆಲಿವರಿ (ಎಫ್.ಎ.ಡಿ.) ಎನ್ನಲಾಗುತ್ತದೆ. ಇದರ ಅಳತೆ ಸಿ.ಎಫ್.ಎಂ., ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ. 1 ಸಿ.ಎಫ್.ಎಂ. ಎಂದರೆ ನಿಮಿಷಕ್ಕೆ ಸುಮಾರು 28.3 ಲೀಟರ್. ಕೆಲವು ದರಪಟ್ಟಿಗಳಲ್ಲಿ ಪಿಸ್ಟನ್ ಡಿಸ್‌ಪ್ಲೇಸ್‌ಮೆಂಟ್ ಅಂಕಿಯನ್ನು ಮಾತ್ರ ನಮೂದಿಸಲಾಗಿರುತ್ತದೆ. ಅದು ಪಿಸ್ಟನ್ ಒಳಗೆಳೆಯುವ ಗಾಳಿಯ ಲೆಕ್ಕವಾಗಿದ್ದು, ಹೊರಬರುವ ಗಾಳಿ ಅದಕ್ಕಿಂತ ಗಣನೀಯವಾಗಿ ಕಡಿಮೆ ಇರುತ್ತದೆ.

2. ಕೆಲಸವಾರು ಗಾಳಿಯ ಅಗತ್ಯ (ಅಂದಾಜು)

- ಟೈರಿಗೆ ಗಾಳಿ ತುಂಬುವುದು, ಮರಕ್ಕೆ ಮೊಳೆ ಹೊಡೆಯುವ ಗನ್: 1ರಿಂದ 3 ಸಿ.ಎಫ್.ಎಂ.
- ನಟ್ ಬಿಚ್ಚುವ ಅರ್ಧ ಇಂಚಿನ ಇಂಪ್ಯಾಕ್ಟ್ ರೆಂಚ್: 4ರಿಂದ 5 ಸಿ.ಎಫ್.ಎಂ.
- ಬಣ್ಣ ಸಿಂಪಡಿಸುವ ಸ್ಪ್ರೇ ಗನ್: 8ರಿಂದ 12 ಸಿ.ಎಫ್.ಎಂ.
- ಗಾಳಿಯಿಂದ ನಡೆಯುವ ಸ್ಯಾಂಡರ್, ಗ್ರೈಂಡರ್: 10ರಿಂದ 15 ಸಿ.ಎಫ್.ಎಂ.

ನಿಖರ ಅಂಕಿಯು ಆಯಾ ಉಪಕರಣದ ಕೈಪಿಡಿಯಲ್ಲಿ ಇರುತ್ತದೆ. ಮೊದಲ ಸಾಲಿನ ಕೆಲಸಗಳನ್ನಷ್ಟೇ ಮನೆಯಲ್ಲಿ ಮಾಡುವವರಿಗೆ 1ರಿಂದ 2 ಎಚ್.ಪಿ.ಯ ಸಣ್ಣ ಯಂತ್ರ ಸಾಕಾಗುತ್ತದೆ.

3. ಲೆಕ್ಕ ಹಾಕುವ ವಿಧಾನ

ಏಕಕಾಲದಲ್ಲಿ ನಡೆಯುವ ಉಪಕರಣಗಳ ಅಗತ್ಯವನ್ನು ಕೂಡಿ, ಅದಕ್ಕೆ ನಾಲ್ಕನೇ ಒಂದು ಭಾಗವನ್ನು ಸೇರಿಸತಕ್ಕದ್ದು. ಪಿಸ್ಟನ್ ಮಾದರಿಯ ಉತ್ತಮ ಯಂತ್ರವು 7 ಬಾರ್ ಒತ್ತಡದಲ್ಲಿ ಪ್ರತಿ ಎಚ್.ಪಿ.ಗೆ ಸುಮಾರು 3.5ರಿಂದ 4 ಸಿ.ಎಫ್.ಎಂ. ಗಾಳಿ ನೀಡುತ್ತದೆ.

ಉದಾಹರಣೆ: ಒಂದು ಗ್ಯಾರೇಜಿನಲ್ಲಿ 5 ಸಿ.ಎಫ್.ಎಂ.ನ ರೆಂಚ್ ಹಾಗೂ 9 ಸಿ.ಎಫ್.ಎಂ.ನ ಸ್ಪ್ರೇ ಗನ್ ಇವೆ ಎಂದು ಭಾವಿಸಿದಲ್ಲಿ, ಎರಡೂ ಒಟ್ಟಿಗೆ ನಡೆಯುವುದಾದರೆ ಅಗತ್ಯ 14, ಹೆಚ್ಚುವರಿ ಸೇರಿ 17.5 ಸಿ.ಎಫ್.ಎಂ. ಇದಕ್ಕೆ 5 ಎಚ್.ಪಿ. ಯಂತ್ರ ಬೇಕು. ಒಂದಾದ ನಂತರ ಒಂದನ್ನು ಬಳಸುವುದಾದರೆ ಸುಮಾರು 11 ಸಿ.ಎಫ್.ಎಂ. ಸಾಕು, 3 ಎಚ್.ಪಿ. ಯಂತ್ರದಿಂದ ಕೆಲಸ ನಡೆಯುತ್ತದೆ. ಒಬ್ಬರೇ ದುಡಿಯುವ ಘಟಕಕ್ಕೆ ದೊಡ್ಡ ಯಂತ್ರ ಅನಗತ್ಯ ವೆಚ್ಚವಾಗುತ್ತದೆ.

4. ಟ್ಯಾಂಕಿನ ಪಾತ್ರ

ಟ್ಯಾಂಕ್ ಗಾಳಿಯನ್ನು ಉತ್ಪಾದಿಸುವುದಿಲ್ಲ, ಶೇಖರಿಸುತ್ತದೆ ಮಾತ್ರ. 200 ಲೀಟರ್ ಟ್ಯಾಂಕಿನ ಒತ್ತಡ 8 ಬಾರ್‌ನಿಂದ 6 ಬಾರ್‌ಗೆ ಇಳಿಯುವಾಗ ದೊರೆಯುವ ಗಾಳಿ ಸುಮಾರು 400 ಲೀಟರ್. 9 ಸಿ.ಎಫ್.ಎಂ.ನ ಸ್ಪ್ರೇ ಗನ್ ಇದನ್ನು ಒಂದೂವರೆ ನಿಮಿಷದಲ್ಲಿ ಬಳಸಿಬಿಡುತ್ತದೆ.

ಇದೇ ಲೆಕ್ಕದಿಂದ ಖರೀದಿಗೆ ಮುನ್ನ ಯಂತ್ರವನ್ನು ಪರೀಕ್ಷಿಸಬಹುದು. ಹೊರದಾರಿಯ ವಾಲ್ವ್ ಮುಚ್ಚಿ, ಒತ್ತಡ 6ರಿಂದ 8 ಬಾರ್‌ಗೆ ಏರಲು ತಗಲುವ ಸಮಯವನ್ನು ಗುರುತಿಸಬೇಕು. 200 ಲೀಟರ್ ಟ್ಯಾಂಕಿಗೆ 90 ಸೆಕೆಂಡ್ ತಗಲಿದಲ್ಲಿ ಯಂತ್ರದ ವಾಸ್ತವ ಸಾಮರ್ಥ್ಯ ಸುಮಾರು 9.4 ಸಿ.ಎಫ್.ಎಂ. ಮಾತ್ರ, ಮೇಲಿನ ಉದಾಹರಣೆಯ 11 ಸಿ.ಎಫ್.ಎಂ. ಅಗತ್ಯಕ್ಕೆ ಅದು ಸಾಲದು.

5. ವಿದ್ಯುತ್ ಸಂಪರ್ಕ

1 ಎಚ್.ಪಿ. ಎಂದರೆ 746 ವ್ಯಾಟ್, 5 ಎಚ್.ಪಿ. ಮೋಟಾರು ಸುಮಾರು 3.73 ಕಿ.ವ್ಯಾ. ಆಗುತ್ತದೆ. ಚಾಲನೆಯ ಕ್ಷಣದಲ್ಲಿ ಮೋಟಾರು ಇದರ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ. 3 ಎಚ್.ಪಿ.ಗಿಂತ ಹೆಚ್ಚಿನ ಯಂತ್ರಗಳಿಗೆ ಸಾಮಾನ್ಯವಾಗಿ ತ್ರೀ ಫೇಸ್ ಸಂಪರ್ಕ ಬೇಕಾಗುತ್ತದೆ. ಮಂಜೂರಾದ ವಿದ್ಯುತ್ ಭಾರ ಸಾಕಾಗದಿದ್ದಲ್ಲಿ ಆಯಾ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಗೆ ಹೆಚ್ಚುವರಿ ಭಾರ ಕೋರಿ ಅರ್ಜಿ ಸಲ್ಲಿಸತಕ್ಕದ್ದು. ಗೃಹ ಬಳಕೆಯ ಸಂಪರ್ಕದಿಂದ ವ್ಯಾಪಾರದ ಯಂತ್ರಗಳನ್ನು ನಡೆಸಬಾರದು.

6. ಸುರಕ್ಷತೆ

- ಗಾಳಿಯಲ್ಲಿನ ತೇವಾಂಶ ಟ್ಯಾಂಕಿನ ತಳದಲ್ಲಿ ನೀರಾಗಿ ಸಂಗ್ರಹವಾಗಿ ಒಳಗಿನಿಂದ ತುಕ್ಕು ಹಿಡಿಸುತ್ತದೆ. ತಳದ ವಾಲ್ವ್ ತೆರೆದು ಪ್ರತಿದಿನ ನೀರನ್ನು ಹೊರಬಿಡಬೇಕು. ಕರಾವಳಿ ಜಿಲ್ಲೆಗಳಲ್ಲಿ ಮಳೆಗಾಲದಲ್ಲಿ ಇದು ಅತ್ಯಗತ್ಯ.
- ತುಕ್ಕು ಹಿಡಿದು ಸೋರುವ ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಹಾಕಿ ಬಳಸಬಾರದು. ತೆಳುವಾದ ಟ್ಯಾಂಕ್ ಒತ್ತಡದಲ್ಲಿ ಸಿಡಿದು ಪ್ರಾಣಹಾನಿಯಾಗುವ ಸಂಭವವಿದೆ. ಹಳೆಯ ಯಂತ್ರ ಖರೀದಿಸುವವರು ಟ್ಯಾಂಕಿನ ತಯಾರಿಕೆಯ ಫಲಕ ಹಾಗೂ ಪರೀಕ್ಷಾ ಪ್ರಮಾಣಪತ್ರವನ್ನು ಕಡ್ಡಾಯವಾಗಿ ನೋಡಬೇಕು.
- ಸೇಫ್ಟಿ ವಾಲ್ವನ್ನು ಬಿಗಿಗೊಳಿಸುವುದಾಗಲಿ, ಮುಚ್ಚುವುದಾಗಲಿ ಮಾಡಬಾರದು. ಬೆಲ್ಟಿಗೆ ರಕ್ಷಣಾ ಜಾಲರಿ ಇರಬೇಕು.
- ಗಾಳಿಯ ಸಾಗಣೆಗೆ ಪಿ.ವಿ.ಸಿ. ಪೈಪ್ ಬಳಸಬಾರದು, ಅದು ಚೂರುಚೂರಾಗಿ ಸಿಡಿಯುತ್ತದೆ.
- ಮೈಮೇಲಿನ ಧೂಳು ಕೊಡವಲು ಗಾಳಿಯ ಗನ್ ಬಳಸುವುದು ಅಪಾಯಕಾರಿ. ಕಣ್ಣು, ಕಿವಿಗೆ ತೀವ್ರ ಹಾನಿಯಾಗಬಹುದು.

7. ದರಪಟ್ಟಿಯಲ್ಲಿ ಇರಬೇಕಾದ ವಿವರಗಳು

ಎಫ್.ಎ.ಡಿ. ಮತ್ತು ಅದನ್ನು ಅಳೆದ ಒತ್ತಡ, ಗರಿಷ್ಠ ಒತ್ತಡ, ಮೋಟಾರಿನ ಎಚ್.ಪಿ. ಹಾಗೂ ಫೇಸ್, ಟ್ಯಾಂಕಿನ ಗಾತ್ರ ಮತ್ತು ಪರೀಕ್ಷಾ ಪ್ರಮಾಣಪತ್ರ, ಖಾತರಿ ಅವಧಿ, ಸಮೀಪದ ಸೇವಾ ಕೇಂದ್ರ, ತೆರಿಗೆ ಸಹಿತ ಬೆಲೆ. ಎಫ್.ಎ.ಡಿ. ನಮೂದಿಸದ ದರಪಟ್ಟಿಗಳನ್ನು ಪರಸ್ಪರ ಹೋಲಿಸಲು ಸಾಧ್ಯವಿಲ್ಲದ ಕಾರಣ, ಮಾರಾಟಗಾರರಿಂದ ಅದನ್ನು ಲಿಖಿತವಾಗಿ ಪಡೆಯುವುದು ಸೂಕ್ತ.

ಯೋಜನಾ ವರದಿ ಸಿದ್ಧಪಡಿಸುವ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ಅರ್ಜಿದಾರರು ಆಯಾ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.